ಸಭೆಗೆ ಹೊಸ ಪಾದ್ರಿಯವರ ಸಂಸಾರ ಬರುತ್ತಿದೆ, ಅವರ ಮಕ್ಕಳಿಗೆ ನಮ್ಮಿಂದ ಏನು ಬೇಕು?

ಬಲ್ಮಠ ಗುಡ್ಡೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆ ರಜೆಯಲ್ಲಿ ನಮ್ಮ ಚರ್ಚಿನ ಸಭೆಗೆ ಹೊಸ ಸಭಾಪಾಲಕರು (ಪಾದ್ರಿ) ಮೈಸೂರಿನಿಂದ ವರ್ಗವಾಗಿ ಬರುತ್ತಿದ್ದಾರೆ. ಇಬ್ಬರು ಮಕ್ಕಳು. ದೊಡ್ಡವಳು ಒಂಬತ್ತನೇ ಕ್ಲಾಸ್ ಮುಗಿಸುತ್ತಿದ್ದಾಳೆ, ಚಿಕ್ಕವನು ನಾಲ್ಕನೇ ಕ್ಲಾಸ್. ನಾನು ಈ ಸಲ ಸಭೆಯ ಸಮಿತಿಯಲ್ಲಿದ್ದೇನೆ. ಮೊನ್ನೆ ಮೀಟಿಂಗಿನಲ್ಲಿ ಪಾದ್ರಿಯವರಿಗೆ ಸಭೆ ಕೊಡುವ ಬಂಗ್ಲೆಗೆ ಬಣ್ಣ ಹೊಡೆಸುವುದು, ಒಡೆದ ಹಂಚು ಬದಲಿಸುವುದು, ಬಾವಿ ಕ್ಲೀನ್ ಮಾಡಿಸುವುದು ಎಲ್ಲ ಮಾತಾಯಿತು. ಮಕ್ಕಳ ವಿಷಯ ಬಂದದ್ದು ಒಂದೇ ಸಲ. "ಮಗಳು ಕೀಬೋರ್ಡ್ ನುಡಿಸ್ತಾಳಂತೆ, ಸಂಡೇ ಸ್ಕೂಲಿಗೆ ಆಯ್ತು" ಅಂತ ಒಬ್ಬರು ಹೇಳಿದರು. ಎಲ್ಲರಿಗೂ ಖುಷಿಯಾಯಿತು. ನನಗೆ ಮಾತ್ರ ಆಗಲಿಲ್ಲ.

ನಾನೂ ಪಾದ್ರಿಯವರ ಮಗಳು. ಅಪ್ಪ ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿ ಪಾದ್ರಿಯಾಗಲು ಬಿ.ಡಿ. ಪದವಿ ಓದಿದವರು. ಆಮೇಲೆ ದಕ್ಷಿಣ ಕನ್ನಡ, ಕೊಡಗು, ಮೈಸೂರು, ಉಡುಪಿ ಅಂತ ಸುತ್ತಿದರು. ನಾವೂ ಜೊತೆಯಲ್ಲಿ ಸುತ್ತಿದೆವು.

ಮಂಗಳೂರಿನಲ್ಲಿ ಕ್ರೈಸ್ತರು ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಕ್ಯಾಥೊಲಿಕರು. ಅವರ ಫಾದರ್‌ಗಳು ಮದುವೆ ಆಗುವುದಿಲ್ಲ. ಹಾಗಾಗಿ ಹೊಸ ಶಾಲೆಯಲ್ಲಿ "ನಿನ್ನ ಅಪ್ಪನಿಗೆ ಎಂತ ಕೆಲಸ?" ಅಂತ ಯಾರಾದರೂ ಕೇಳಿ ನಾನು ಉತ್ತರ ಕೊಟ್ಟರೆ ಇಡೀ ಕ್ಲಾಸ್ ತಿರುಗಿ ನೋಡುತ್ತಿತ್ತು. "ಅವರಿಗೆ ಮಕ್ಕಳಿರ್ತಾರಾ?" ನಾವು ಬಾಸೆಲ್ ಮಿಷನ್ ಅನ್ನುವ ಸ್ವಿಸ್ ಪ್ರೊಟೆಸ್ಟೆಂಟ್ ಮಿಷನ್ ಕಡೆಯವರು. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳಿಂದ ಬೆಳೆದ ಸಭೆ, ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ). ನಮ್ಮಲ್ಲಿ ಪಾದ್ರಿಗಳು ಸಂಸಾರಸ್ಥರು. ಪ್ರೊಟೆಸ್ಟೆಂಟ್ ಪಂಥಕ್ಕೆ ದಾರಿ ಹಾಕಿದ ಮಾರ್ಟಿನ್ ಲೂಥರ್ ಮದುವೆಯಾದದ್ದೇ 1525ರಲ್ಲಿ. ಇದನ್ನೆಲ್ಲ ಪ್ರತಿ ಊರಿನಲ್ಲೂ ಹೊಸದಾಗಿ ವಿವರಿಸುವ ಕೆಲಸ ಮಕ್ಕಳ ಪಾಲಿಗೆ ಬರುತ್ತದೆ.

ಅದಕ್ಕಿಂತ ಕಷ್ಟದ್ದು ಸಭೆಯ ಒಳಗೇ ಇತ್ತು. ನಾನು ಮಾಡಿದ್ದೆಲ್ಲ ಎಲ್ಲರಿಗೂ ಗೊತ್ತಾಗುತ್ತಿತ್ತು. ಆರಾಧನೆಯಲ್ಲಿ ತೂಕಡಿಸಿದರೆ ಸುದ್ದಿ. ಜೀನ್ಸ್ ಹಾಕಿದರೆ ಅಮ್ಮನಿಗೆ ಫೋನ್. ಬೈಬಲ್ ಕಂಠಪಾಠ ಸ್ಪರ್ಧೆಯಲ್ಲಿ ಗೆದ್ದರೆ "ಪಾದ್ರಿ ಮಗಳಲ್ವಾ, ಬರಲೇಬೇಕು". ಸೋತರೆ "ಪಾದ್ರಿ ಮಗಳಿಗೇ ಬರಲಿಲ್ವಾ". ಗೆದ್ದದ್ದು ಯಾವತ್ತೂ ನನ್ನದಾಗಲಿಲ್ಲ. ಇದು ಸಣ್ಣ ವಿಷಯ ಅನಿಸಬಹುದು. ಹನ್ನೆರಡು ವರ್ಷದವಳಿಗೆ ಸಣ್ಣದಲ್ಲ.

ಕ್ರಿಸ್ಮಸ್ ಬೇರೆ. ಇಡೀ ಡಿಸೆಂಬರ್ ಅಪ್ಪ ಕ್ಯಾರೋಲ್ ತಂಡದ ಜೊತೆ ಮನೆ ಮನೆ ತಿರುಗುವುದು, ಆಮೇಲೆ ಒಂದರ ಹಿಂದೆ ಒಂದು ಆರಾಧನೆ. ಮೂವತ್ತೊಂದರ ರಾತ್ರಿಯೂ ಆರಾಧನೆ. ನಮ್ಮ ಮನೆಯ ಹಬ್ಬ ನಡೆಯುವುದು ಎಲ್ಲರ ಹಬ್ಬ ಮುಗಿದ ಮೇಲೆ. ಆಗ ಅಪ್ಪನಿಗೆ ಗಂಟಲು ಕಟ್ಟಿರುತ್ತಿತ್ತು.

ಇಲ್ಲಿ ಪಾದ್ರಿಗಳ ಮಕ್ಕಳು ಇದ್ದೀರಿ ಅಂತ ಗೊತ್ತು. ಅರ್ಚಕರ ಮಕ್ಕಳು, ಉಸ್ತಾದರ ಮಕ್ಕಳೂ ಇರಬಹುದು. ನಿಮಗೆ ಚಿಕ್ಕಂದಿನಲ್ಲಿ ಊರವರಿಂದ ಏನು ಬೇಕಿತ್ತು? ಮುಂದಿನ ಮೀಟಿಂಗಿಗೆ ನಾನು ಸುಮ್ನೆ ಬೇಸರ ಹೊತ್ತುಕೊಂಡು ಹೋಗುವುದಲ್ಲ, ಏನಾದರೂ ಕೆಲಸಕ್ಕೆ ಬರುವಂಥದ್ದು ತೆಗೆದುಕೊಂಡು ಹೋಗಬೇಕು.

ಮುಲ್ಕಿ ಹೊಳೆಬದಿ

ಅಕ್ಕ, ಮೊದಲು ಒಂದು ವಿಷಯ. ದೊಡ್ಡವಳು ಒಂಬತ್ತು ಮುಗಿಸುತ್ತಿದ್ದಾಳೆ ಅಂದರೆ ಇಲ್ಲಿ ಬಂದು ಸೇರುವುದು ಹತ್ತಕ್ಕೆ. ಎಸ್ಸೆಸ್ಸೆಲ್ಸಿ ವರ್ಷ! ಅದನ್ನು ಯಾರೂ ಮಾತಾಡಲೇ ಇಲ್ವಾ?

ನನಗೆ ಆದದ್ದೂ ಅದೇ. ಹತ್ತನೇ ಕ್ಲಾಸಿಗೆ ಶಾಲೆ ಬದಲಾಯಿತು. ಹೊಸ ಟೀಚರಿಗೆ ನಾನು ಯಾರೆಂದೇ ಗೊತ್ತಿಲ್ಲ. ಹಳೇ ಶಾಲೆಯಲ್ಲಿ ನನ್ನ ತೃತೀಯ ಭಾಷೆ ಬೇರೆ, ಇಲ್ಲಿ ಬೇರೆ. ಗೆಳೆಯರು ಅಂತ ಯಾರೂ ಇಲ್ಲ. ಹಳೇ ಊರಿನಲ್ಲಿ ಒಂದು ವರ್ಷ ಹೆಚ್ಚು ಇರಬೇಕಿತ್ತು, ಅಷ್ಟೇ. ಆದರೆ ಬಂಗ್ಲೆಗೆ ಮುಂದಿನ ಪಾದ್ರಿ ಬರುತ್ತಾರೆ, ಖಾಲಿ ಮಾಡಲೇಬೇಕು. ಕೆಲಸದ ಜೊತೆ ಮನೆಯೂ ಹೋಗುತ್ತದೆ. ಸರಕಾರಿ ನೌಕರರಾದರೆ ಅಪ್ಪ ಒಬ್ಬರೇ ಹೊಸ ಊರಿಗೆ ಹೋಗಿ, ಸಂಸಾರ ಬಾಡಿಗೆ ಮನೆಯಲ್ಲಿ ಒಂದು ವರ್ಷ ಇರುತ್ತದೆ. ಪಾದ್ರಿಯ ಸಂಬಳದಲ್ಲಿ ಎರಡು ಸಂಸಾರ ನಡೆಸಲು ಆಗುವುದಿಲ್ಲ.

ಮನೆಯ ವಿಷಯ ಹೇಳಲೇಬೇಕು. ಹೊರಗಿನವರಿಗೆ ಕಾಣುವುದು ದೊಡ್ಡ ಬಂಗ್ಲೆ, ಮಾವಿನ ಮರ, ಹಂಚಿನ ಮಾಡು, ಮಿಷನ್ ಕಂಪೌಂಡಿನ ತಂಪು. ನಮಗೆ ಅದರಲ್ಲಿ ಒಂದು ಮೊಳೆ ಹೊಡೆಯಲೂ ಸಮಿತಿಯನ್ನು ಕೇಳಬೇಕು. ಮಾವಿನ ಹಣ್ಣು ಸುಗ್ಗಿ ಹಬ್ಬದ ಏಲಂಗೆ ಹೋಗುತ್ತದೆ. ಅಪ್ಪ ನಿವೃತ್ತರಾದಾಗ ಅರುವತ್ತು ದಾಟಿದ ಮನುಷ್ಯ ಮೊದಲ ಸಲ ಬಾಡಿಗೆ ಮನೆ ಹುಡುಕಿದರು. "ನಿಮ್ಮ ಊರು ಯಾವುದು?" ಅಂತ ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಒಂದು ಊರಿನ ಹೆಸರು ಬಾಯಿಗೆ ಬರುವುದಿಲ್ಲ. ಈ ಹೆಸರು ಇಟ್ಟುಕೊಂಡದ್ದು ಮುಲ್ಕಿಯಲ್ಲಿ ಸ್ವಲ್ಪ ಜಾಸ್ತಿ ವರ್ಷ ಇದ್ದೆವು ಅಂತ.

ಜೆಪ್ಪು ಹಿರಿಯ

ನಾನು ತುಂಬ ವರ್ಷ ಸಭೆಯ ಸಮಿತಿಯಲ್ಲಿ ಇದ್ದವನು. ನಿಮ್ಮಿಬ್ಬರ ಮಾತನ್ನೂ ಓದಿದೆ. ನೋವು ಅರ್ಥವಾಗುತ್ತದೆ. ಆದರೆ ಸಭೆಯ ಕಡೆಯಿಂದಲೂ ಒಮ್ಮೆ ನೋಡಬೇಕು.

ನಮ್ಮದು ಸಣ್ಣ ಸಭೆಗಳು. ಮಕ್ಕಳು ಓದಿ ಬೆಂಗಳೂರಿಗೆ, ಗಲ್ಫಿಗೆ ಹೋದರು. ಭಾನುವಾರ ಬರುವವರಲ್ಲಿ ಹೆಚ್ಚಿನವರಿಗೆ ತಲೆ ನರೆತಿದೆ. ಕೀಬೋರ್ಡ್ ನುಡಿಸಲು, ಸಣ್ಣ ಮಕ್ಕಳಿಗೆ ಪಾಠ ಹೇಳಲು ಜನ ಎಲ್ಲಿಂದ ಬರಬೇಕು? ಪಾದ್ರಿಯವರ ಮಗಳಿಗೆ ಬರುತ್ತದೆ ಅಂದಾಗ ಸಮಿತಿಯವರಿಗೆ ಸಂತೋಷ ಆಗುವುದು ಸಹಜ ಅಲ್ವಾ? ಅದರಲ್ಲಿ ಕೆಟ್ಟ ಮನಸ್ಸಿಲ್ಲ. ನಾವು ಅವರ ಮನೆಗೆ ಮೀನು ಕಳಿಸಿದ್ದೇವೆ, ಹಲಸಿನ ಹಣ್ಣು ಕಳಿಸಿದ್ದೇವೆ, ಮಕ್ಕಳಿಗೆ ಜ್ವರ ಬಂದಾಗ ಆಸ್ಪತ್ರೆಗೆ ಓಡಿದ್ದೇವೆ. ನಮ್ಮ ಮನೆಯ ಮಕ್ಕಳು ಅಂತಲೇ ನೋಡಿದ್ದೇವೆ.

ಬಲ್ಮಠ ಗುಡ್ಡೆ

ಅಂಕಲ್, ಆ ಪ್ರೀತಿಯನ್ನು ನಾನು ಮರೆತಿಲ್ಲ. ಅಮ್ಮನಿಗೆ ಆಪರೇಷನ್ ಆದಾಗ ಅಡುಗೆ ಮನೆಗೆ ನಾನು ಕಾಲಿಡಬೇಕಾಗಿ ಬರಲಿಲ್ಲ. ಒಂದೊಂದು ದಿನ ಒಂದೊಂದು ಮನೆಯಿಂದ ಊಟ ಬಂತು. ಅಂಥ ಆಸರೆ ಬೇರೆ ಮಕ್ಕಳಿಗೆ ಎಲ್ಲಿ ಸಿಗುತ್ತದೆ?

ನನ್ನ ಪ್ರಶ್ನೆ ಇಷ್ಟೇ. ನಿಮ್ಮ ಸ್ವಂತ ಮಗಳಿಗೆ ಕೀಬೋರ್ಡ್ ಬಂದಿದ್ದರೆ, ಅವಳನ್ನು ಕೇಳದೆ ಸಮಿತಿಯಲ್ಲಿ ಒಪ್ಪಿಸಿಬಿಡುತ್ತಿದ್ದಿರಾ? ಮೊದಲು ಅವಳನ್ನು ಕೇಳುತ್ತಿದ್ದಿರಿ. ಎಸ್ಸೆಸ್ಸೆಲ್ಸಿ ಇದೆ ಅಂದರೆ ಬಿಡುತ್ತಿದ್ದಿರಿ. ಪಾದ್ರಿಯವರ ಮಗಳು "ಆಗಲ್ಲ" ಅಂದರೆ ಅದು ಅವಳ ಮಾತು ಅಂತ ಯಾರೂ ತೆಗೆದುಕೊಳ್ಳುವುದಿಲ್ಲ. ಅಪ್ಪನ ಮೇಲೆ ಬರುತ್ತದೆ. ಅದು ಗೊತ್ತಿದ್ದೇ ಮಗು ಹೂಂ ಅನ್ನುತ್ತದೆ. ನಾನೂ ವರ್ಷಗಟ್ಟಲೆ ಹಾಗೇ ಹೂಂ ಅಂದೆ.

ಮುಲ್ಕಿಯವರೇ, ಹತ್ತನೇ ಕ್ಲಾಸಿನ ವಿಷಯ ನೀವು ಎತ್ತಿದ್ದು ದೊಡ್ಡ ಉಪಕಾರ. ಹೊಸ ಪಾದ್ರಿಯವರ ಮನೆಯವರ ಜೊತೆ ಮಾತಾಡಿ ನೋಡುತ್ತೇನೆ.

ಬಾರ್ಕೂರು ಕಲ್ಲುಚಪ್ಪರ

ನಾನು ಅರ್ಚಕರ ಮಗಳು. ಉಡುಪಿ ಜಿಲ್ಲೆಯ ಒಂದು ಸಣ್ಣ ದೇವಸ್ಥಾನ. ಮುಜರಾಯಿಯ ಸಿ ದರ್ಜೆ, ಅಂದರೆ ಆದಾಯ ಕಡಿಮೆ ಇರುವಂಥದ್ದು. ಸರಕಾರದಿಂದ ಪೂಜೆಗೆ ಅಂತ ತಸ್ತೀಕು ಹಣ ಬರುತ್ತದೆ, ಉಳಿದದ್ದು ತಟ್ಟೆ ಕಾಸು.

ನಮ್ಮದು ನಿಮ್ಮ ಕಥೆಗೆ ತಿರುಗಾಮುರುಗಾ. ನಿಮಗೆ ಒಂದು ಊರು ಸಿಗಲಿಲ್ಲ. ನಮಗೆ ಊರು ಬಿಟ್ಟು ಹೊರಗೆ ಹೋಗಲು ಸಿಗಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಪೂಜೆ ತಪ್ಪುವಂತಿಲ್ಲ. ಹಾಗಾಗಿ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಒಂದು ರಾತ್ರಿ ಹೊರಗೆ ಉಳಿದದ್ದು ನನಗೆ ನೆನಪೇ ಇಲ್ಲ. ಸೋದರಮಾವನ ಮದುವೆಗೂ ಅಪ್ಪ ಮುಹೂರ್ತಕ್ಕೆ ಬಂದು ಊಟಕ್ಕೆ ನಿಲ್ಲದೆ ಬಸ್ಸು ಹಿಡಿದರು. ಜಾತ್ರೆ ಸಮಯದಲ್ಲಿ ಕೇಳಲೇಬೇಡಿ. ಮಳೆಗಾಲದ ಮೊದಲು ಜಾತ್ರೆಗಳೆಲ್ಲ ನಿಲ್ಲುವ ದಿನ, ಪತ್ತನಾಜೆ, ಬಂತೆಂದರೆ ಊರಿನ ಮಕ್ಕಳಿಗೆಲ್ಲ ಜಾತ್ರೆ, ಯಕ್ಷಗಾನದ ಆಟ ಮುಗಿಯಿತಲ್ಲ ಅಂತ ಬೇಜಾರು. ನಮಗೆ ಅಪ್ಪ ಸ್ವಲ್ಪ ಸಿಗುತ್ತಾರೆ ಅಂತ ಸಮಾಧಾನ.

ಅಪ್ಪನಿಗೆ ನಿಜವಾಗಿ ರಜೆ ಸಿಗುತ್ತಿದ್ದದ್ದು ಸೂತಕದಲ್ಲಿ. ಕುಟುಂಬದಲ್ಲಿ ಯಾರಾದರೂ ತೀರಿಕೊಂಡರೆ ಹತ್ತು ದಿನ ಗರ್ಭಗುಡಿಗೆ ಹೋಗುವಂತಿಲ್ಲ, ಬೇರೆ ಭಟ್ಟರು ಬಂದು ಪೂಜೆ ಮಾಡುತ್ತಾರೆ. ಅಜ್ಜಿ ಹೋದ ದುಃಖದ ಆ ದಿನಗಳಲ್ಲೇ ಅಪ್ಪ ನನಗೆ ಸೈಕಲ್ ಕಲಿಸಿದ್ದು. ಆ ಸಂತೋಷ ತಪ್ಪು ಅಂತ ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಭಾರ ಬೀಳುವುದು ಗಂಡು ಮಗನ ಮೇಲೆ. ಅಣ್ಣನಿಗೆ ಉಪನಯನ ಆದ ದಿನದಿಂದ ಊರವರು "ಮುಂದೆ ನೀನೇ ಅಲ್ವಾ ಮಾಣಿ" ಅನ್ನುತ್ತಿದ್ದರು. ಅವನಿಗೆ ಇಷ್ಟ ಇದ್ದದ್ದು ಗಣಿತ. ಅವನು ಎಂಜಿನಿಯರಿಂಗಿಗೆ ಹೋದಾಗ ಊರಿನವರು ಅಪ್ಪನ ಹತ್ತಿರ ಸಾವು ಮನೆಗೆ ಬಂದವರ ಹಾಗೆ ಮಾತಾಡಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮಂತ್ರ ನನಗೂ ಬಾಯಿಗೆ ಬರುತ್ತಿತ್ತು. ಅದು ಬೇರೆ ನೋವು, ಅದನ್ನು ಇಲ್ಲಿ ಎಳೆಯುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ವರ್ಷಕ್ಕೆ ಒಂದು ವಾರ ಅಪ್ಪನನ್ನು ಮಕ್ಕಳಿಗೆ ಬಿಟ್ಟುಕೊಡಿ. ಬೇರೆಯವರ ವ್ಯವಸ್ಥೆ ಮಾಡಿ. ಸಾವಿಗೆ ವ್ಯವಸ್ಥೆ ಆಗುತ್ತದೆ ಅಂದರೆ ರಜೆಗೂ ಆಗಬೇಕು.

ಉಳ್ಳಾಲ ಕಡಲು

ಬಾರ್ಕೂರಿನ ಅಕ್ಕ ಹೇಳಿದ ಕೊನೆಯ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ.

ನನ್ನ ತಂದೆ ಉಸ್ತಾದ್. ಮಸೀದಿಯಲ್ಲಿ ಖತೀಬ್ (ಶುಕ್ರವಾರದ ಪ್ರವಚನ, ಖುತ್ಬಾ, ಕೊಡುವವರು), ಮದ್ರಸದಲ್ಲಿ ಪಾಠ. ಕೆಲಸ ಘಟ್ಟದ ಮೇಲೆ ಚಿಕ್ಕಮಗಳೂರು ಕಡೆ, ನಾವು ಇಲ್ಲಿ. ಮಸೀದಿಯಲ್ಲಿ ಅವರಿಗೆ ಒಂದು ಕೋಣೆ. ಊಟ ಜಮಾಅತಿನ ಮನೆಗಳಿಂದ ಸರದಿಯಂತೆ ಬರುತ್ತಿತ್ತು. ಒಂದು ದಿನ ಇವರ ಮನೆ, ಮರುದಿನ ಅವರ ಮನೆ. ಸಂಸಾರ ಕರೆದುಕೊಂಡು ಹೋಗಲು ಅಲ್ಲಿ ಕ್ವಾರ್ಟರ್ಸ್ ಇರಲಿಲ್ಲ.

ಶುಕ್ರವಾರ ಖುತ್ಬಾ ಇರುತ್ತದೆ, ಬರುವಂತಿಲ್ಲ. ಪೆರ್ನಾಲ್ (ಈದ್) ದಿನ ನಮಾಝಿಗೆ ಅವರೇ ನಿಲ್ಲಬೇಕು. ಅಲ್ಲಿ ಎಲ್ಲ ಮುಗಿಸಿ ಘಾಟಿ ಇಳಿದು ಮನೆ ಮುಟ್ಟುವಾಗ ಕತ್ತಲೆ. ಅಷ್ಟರಲ್ಲಿ ನಮ್ಮ ಹೊಸ ಅಂಗಿ ಮಾಸಿರುತ್ತಿತ್ತು. ಉಮ್ಮ ಅವರ ಪಾಲಿನ ಬಿರಿಯಾನಿ ತೆಗೆದಿಟ್ಟು ಕಾಯುತ್ತಿದ್ದರು. ಬಲ್ಮಠದ ಅಕ್ಕ ಕ್ರಿಸ್ಮಸ್ ಬಗ್ಗೆ ಬರೆದದ್ದು ಓದುವಾಗ ನಮ್ಮ ಮನೆಯದ್ದೇ ಅನಿಸಿತು.

ತಂದೆ ಊರಲ್ಲಿ ಇಲ್ಲದಿದ್ದರೂ ನಾನು ಉಸ್ತಾದರ ಮಗನೇ. ನಮ್ಮೂರಿನ ಮದ್ರಸದಲ್ಲಿ ಪಾಠ ತಪ್ಪಿದರೆ ಬೇರೆಯವರಿಗಿಂತ ಒಂದು ಪೆಟ್ಟು ಜಾಸ್ತಿ. "ಉಸ್ತಾದರ ಮಗನಿಗೇ ಬರಲ್ವಾ?" ಕ್ರಿಕೆಟ್ ಆಡಿದರೂ ಮಾತು, ಸಿನಿಮಾ ನೋಡಿದರೂ ಮಾತು.

ಈಗ ಕೆಲವು ಜಮಾಅತ್‌ಗಳು ಉಸ್ತಾದರ ಸಂಸಾರಕ್ಕೂ ಮನೆ ಕೊಡುತ್ತಿವೆ. ನಮ್ಮ ಮಸೀದಿಯಲ್ಲಿ ಆ ಮನೆ ಕಟ್ಟಿಸಲು ನಾನೂ ಓಡಾಡಿದ್ದೇನೆ. ಅಲ್ಲಿನ ಉಸ್ತಾದರ ಸಣ್ಣ ಮಕ್ಕಳು ಸಂಜೆ ತಂದೆಯ ಕೈ ಹಿಡಿದು ಅಂಗಡಿಗೆ ಹೋಗುತ್ತಾರೆ. ನನ್ನ ಜೀವನದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೊಂದು.

ಹಳೇ ಕಾಗದ

ಬಾಸೆಲ್ ಮಿಷನ್ ಮಾತು ಬಂದದ್ದರಿಂದ ಒಂದು ಹಳೇ ವಿಷಯ ಹೇಳುತ್ತೇನೆ. ದೇವರ ಕೆಲಸ ದೊಡ್ಡದು, ಮಕ್ಕಳು ಹೊಂದಿಕೊಳ್ಳಬೇಕು ಅನ್ನುವ ಯೋಚನೆ ಇಲ್ಲಿ ಮೊದಲಿನಿಂದಲೂ ಇದೆ. 19ನೇ ಶತಮಾನದಲ್ಲಿ ಇಲ್ಲಿದ್ದ ಮಿಷನರಿಗಳು ಮಕ್ಕಳನ್ನು ತೀರಾ ಚಿಕ್ಕ ಪ್ರಾಯದಲ್ಲೇ ಯುರೋಪಿಗೆ ಕಳಿಸುತ್ತಿದ್ದರು. ಅಂಥ ಮಕ್ಕಳಿಗಾಗಿ ಬಾಸೆಲ್ ಪಟ್ಟಣದಲ್ಲಿ ಪ್ರತ್ಯೇಕ ನಿಲಯವೇ ಇತ್ತು. ಹಡಗಿನಲ್ಲಿ ತಿಂಗಳುಗಟ್ಟಲೆ ದಾರಿ, ಆಮೇಲೆ ವರ್ಷಗಟ್ಟಲೆ ಬರೀ ಪತ್ರ.

ಮಲಯಾಳಂ ನಿಘಂಟು ಬರೆದ ಬಾಸೆಲ್ ಮಿಷನರಿ ಹರ್ಮನ್ ಗುಂಡರ್ಟ್ ಗೊತ್ತಲ್ಲ, ಆ ನಿಘಂಟು 1872ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಅವಳನ್ನೂ ಪುಟ್ಟ ಮಗುವಾಗಿರುವಾಗಲೇ ಯುರೋಪಿನಲ್ಲಿ ಬಿಟ್ಟರು. ಹದಿಹರೆಯಕ್ಕೆ ಬಂದ ಮೇಲೆ ಮತ್ತೆ ಭಾರತಕ್ಕೆ ಬಂದಳು. ಮುಂದೆ ಅವಳ ಮಗನೇ ಸಾಹಿತಿ ಹರ್ಮನ್ ಹೆಸ್ಸೆ, 1946ರಲ್ಲಿ ಸಾಹಿತ್ಯದ ನೊಬೆಲ್ ಪಡೆದವರು. ಅವರ ತಂದೆಯೂ ಭಾರತದಲ್ಲಿ ಮಿಷನರಿಯಾಗಿ ಇದ್ದವರು. ಮಗನೂ ಪಾದ್ರಿಯಾಗಲಿ ಅಂತ 1891ರಲ್ಲಿ ಜರ್ಮನಿಯ ಮೌಲ್‌ಬ್ರಾನ್ ಸೆಮಿನರಿಗೆ ಸೇರಿಸಿದರು. ಹುಡುಗ ಮರುವರ್ಷ ಅಲ್ಲಿಂದ ಓಡಿಹೋದ.

ಆ ಮಿಷನರಿಗಳ ಕೆಲಸದ ಬಗ್ಗೆ ನನಗೆ ತುಂಬ ಗೌರವ. 1843ರ ಮಂಗಳೂರ ಸಮಾಚಾರ ಪತ್ರಿಕೆ, ಶಾಲೆಗಳು, ಹಂಚಿನ ಕಾರ್ಖಾನೆ, ಎಲ್ಲದರ ಬಗ್ಗೆಯೂ ನಾವು ಅಭಿಮಾನದಿಂದ ಮಾತಾಡುತ್ತೇವೆ. ಅದಕ್ಕೆ ಅವರ ಮಕ್ಕಳೂ ಬೆಲೆ ಕೊಟ್ಟಿದ್ದಾರೆ. ಅದನ್ನೂ ಸೇರಿಸಿ ಹೇಳಬೇಕು.

ಮಡಿಕೇರಿ ಮಂಜು

ಎಲ್ಲರೂ ಅಪ್ಪನ ಬಗ್ಗೆಯೇ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಪಾದ್ರಿ ಅಮ್ಮ.

ಸಿ.ಎಸ್.ಐ.ನಲ್ಲಿ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡಲು ಶುರುವಾಗಿ ದಶಕಗಳಾದವು. 2013ರಲ್ಲಿ ಇ. ಪುಷ್ಪಾ ಲಲಿತಾ ನಂದ್ಯಾಲದ ಬಿಷಪ್ ಆದರು, ಸಿ.ಎಸ್.ಐ.ನ ಮೊದಲ ಮಹಿಳಾ ಬಿಷಪ್. ಆದರೂ ಊರಿನ ಸಭೆಗೆ ಅಮ್ಮ ಬಂದಾಗ ಜನ ಅಪ್ಪನನ್ನು ಹುಡುಕುತ್ತಿದ್ದರು. ಅಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡುವವರು. "ಅಮ್ಮನವರು", ಅಂದರೆ ಪಾದ್ರಿಯ ಹೆಂಡತಿ, ಮಾಡಬೇಕಾದ ಕೆಲಸ, ಸ್ತ್ರೀಯರ ಕೂಟ, ಬಂದವರಿಗೆ ಚಾ, ಕಾಯಿಲೆಯವರ ಮನೆಗೆ ಹೋಗುವುದು, ಅದೂ ಅಮ್ಮನೇ ಮಾಡಬೇಕು. ಪಾದ್ರಿಯ ಕೆಲಸವೂ ಅಮ್ಮನೇ. ಅದರಲ್ಲಿ ಅರ್ಧ ನನ್ನ ಪಾಲಿಗೆ ಬರುತ್ತಿತ್ತು.

ಆದರೆ ನನಗೆ ಸಿಕ್ಕಿದ್ದನ್ನೂ ಹೇಳುತ್ತೇನೆ, ಯಾಕೆಂದರೆ ಈ ಚರ್ಚೆ ಓದಿದವರು ನಮ್ಮನ್ನು ನೋಡಿ ಅಯ್ಯೋ ಅನ್ನಬಾರದು. ಅಮ್ಮ ಶನಿವಾರ ರಾತ್ರಿ ಅಡುಗೆ ಮನೆಯಲ್ಲಿ ನಿಂತು ಮರುದಿನದ ಪ್ರಸಂಗ (ಆರಾಧನೆಯ ಉಪದೇಶ) ಓದಿ ಹೇಳುತ್ತಿದ್ದರು. ಎಲ್ಲಿ ಅರ್ಥ ಆಗಲಿಲ್ಲ ಅಂತ ನನ್ನನ್ನು ಕೇಳುತ್ತಿದ್ದರು. ನಾನು ಹೇಳಿದ ಕಡೆ ನಿಜವಾಗಿ ಬದಲಾಯಿಸುತ್ತಿದ್ದರು. ಈಗ ನಾನು ವಕೀಲೆ. ಕೋರ್ಟಿನಲ್ಲಿ ನಿಂತು ಮಾತಾಡಲು ನನಗೆ ಭಯವಿಲ್ಲ. ಸಾವಿನ ಮನೆಯಲ್ಲಿ ಹೇಗೆ ಕೂರಬೇಕು, ಏನು ಮಾತಾಡಬಾರದು ಅನ್ನುವುದನ್ನು ನಾನು ಹತ್ತು ವರ್ಷಕ್ಕೆ ಕಲಿತಿದ್ದೆ. ಮನೆಗೆ ಯಾರು ಬಂದರೂ ತಟ್ಟೆ ಹಾಕುವ ಅಭ್ಯಾಸ ಅಲ್ಲಿಂದಲೇ ಬಂತು.

ಪಿಯುಸಿ ಹುಡುಗ

ನಾನು ಈಗಲೂ ಬಂಗ್ಲೆಯಲ್ಲೇ ಇರುವವನು. ಉಡುಪಿ ಜಿಲ್ಲೆ, ಊರು ಹೇಳುವುದಿಲ್ಲ. ನೀವೆಲ್ಲ ದೊಡ್ಡವರು ಬರೆದಿದ್ದೀರಿ, ನಾನು ಈಗಿನದ್ದು ಹೇಳ್ತೇನೆ.

ರೂಮಿಗೆ ಒಳಗಿನಿಂದ ಚಿಲಕ ಬೇಕು. ನಮ್ಮ ಬಂಗ್ಲೆಯ ಹಜಾರದಲ್ಲೇ ಸಭೆಯ ಆಫೀಸು. ಬೆಳಿಗ್ಗೆ ಟವೆಲ್ ಸುತ್ತಿಕೊಂಡು ಬಾತ್‌ರೂಮಿನಿಂದ ಬಂದರೆ ಅಲ್ಲಿ ಮದುವೆಯ ಪ್ರಕಟಣೆ ಚೀಟಿಯನ್ನು ಚರ್ಚಿನಲ್ಲಿ ಓದಿಸಲು ಬಂದವರು ಕೂತಿರುತ್ತಾರೆ. ಆಫೀಸನ್ನು ಚರ್ಚಿನ ಕಡೆಗೆ ಹಾಕಿದರೆ ಸಾಕು, ಅರ್ಧ ಕಷ್ಟ ಹೋಗ್ತದೆ.

ಮತ್ತೆ ಅಪ್ಪನ ಪ್ರಸಂಗದಲ್ಲಿ ನಮ್ಮ ಕಥೆ ಬರಬಾರದು. "ನನ್ನ ಮಗ ಮೊನ್ನೆ ಹೀಗೆ ಮಾಡಿದ" ಅಂತ. ಇದನ್ನು ನಾನು ಅಪ್ಪನಿಗೇ ಹೇಳಿದೆ. ಈಗ ಕೇಳಿಯೇ ಹೇಳ್ತಾರೆ.

ಇನ್ನೊಂದು. ದೇವರ ಬಗ್ಗೆ ನನಗೂ ಸಂಶಯ ಬರ್ತದೆ. ಎಲ್ಲರಿಗೂ ಬರ್ತದೆ ಅಲ್ವಾ. ಬೇರೆ ಹುಡುಗರು ಪಾದ್ರಿ ಹತ್ತಿರ ಹೋಗಿ ಮಾತಾಡಬಹುದು. ನಾನು ಯಾರ ಹತ್ತಿರ ಹೋಗಬೇಕು?

ಮಡಿಕೇರಿ ಮಂಜು

ತಮ್ಮಾ, ಈ ಪ್ರಶ್ನೆ ನನಗೂ ಇತ್ತು. ನನಗೆ ದಾರಿ ಸಿಕ್ಕಿದ್ದು ಬೇರೆ ಊರಿನ ಒಬ್ಬ ನಿವೃತ್ತ ಪಾದ್ರಿಯವರಲ್ಲಿ. ಅವರಿಗೆ ನಮ್ಮ ಸಭೆಯ ಜೊತೆ ಯಾವ ಸಂಬಂಧವೂ ಇರಲಿಲ್ಲ. ನಾನು ಹೇಳಿದ್ದು ಅಮ್ಮನಿಗೂ ಹೋಗುತ್ತಿರಲಿಲ್ಲ. ಅಂಥ ಒಬ್ಬರನ್ನು ಹುಡುಕಿಕೋ. ಸಂಶಯ ಬಂದರೆ ಅಪ್ಪನಿಗೆ ಅವಮಾನ ಅಂತ ಮಾತ್ರ ಅಂದುಕೊಳ್ಳಬೇಡ. ಬೇಕಾದರೆ ನನಗೆ ಬರಿ, ನಾನು ಓದುತ್ತೇನೆ.

ಜೆಪ್ಪು ಹಿರಿಯ

ಈ ಹುಡುಗ ಬರೆದದ್ದನ್ನು ಓದಿ ನಿನ್ನೆ ರಾತ್ರಿ ಹೆಂಡತಿಗೂ ಓದಿ ಹೇಳಿದೆ. ಬಂಗ್ಲೆಯ ಹಜಾರದಲ್ಲಿ ಆಫೀಸು ಇಡುವುದು ನಮ್ಮಲ್ಲೂ ಇದೆ. ಅಲ್ಲಿ ಸಣ್ಣ ಮಕ್ಕಳೂ ಇದ್ದಾರೆ ಅಂತ ನಾವ್ಯಾರೂ ಯೋಚಿಸಿದ್ದೇ ಇಲ್ಲ. ವೆಸ್ಟ್ರಿಯ (ಚರ್ಚಿನಲ್ಲಿ ಪಾದ್ರಿ ತಯಾರಾಗುವ ಕೋಣೆ) ಪಕ್ಕದ ಕೋಣೆಯಲ್ಲಿ ಹಳೇ ಬೆಂಚು ತುಂಬಿಸಿಟ್ಟಿದ್ದೇವೆ. ಅದನ್ನು ಖಾಲಿ ಮಾಡಿದರೆ ಮೇಜು, ಕುರ್ಚಿ, ಕಪಾಟು ಹಿಡಿಯುತ್ತದೆ. ನಮ್ಮ ಸಮಿತಿಯಲ್ಲಿ ಈ ವಿಷಯ ನಾನೇ ಹಾಕಿಸುತ್ತೇನೆ.

ಕೀಬೋರ್ಡಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಸಭೆಯ ಎಲ್ಲ ಮಕ್ಕಳ ಹಾಗೆ ಅವಳೂ ಏನಾದರೂ ಮಾಡಲಿ. ಆದರೆ ಮೊದಲು ಅವಳನ್ನು ಕೇಳಬೇಕು, ಪರೀಕ್ಷೆ ಮುಗಿಯುವವರೆಗೆ ಕೇಳಲೇಬಾರದು. ಇಷ್ಟು ಒಪ್ಪುತ್ತೇನೆ.

ಬಲ್ಮಠ ಗುಡ್ಡೆ

ನಿನ್ನೆ ಸಂಜೆ ಹೊಸ ಪಾದ್ರಿಯವರ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡಿದೆ. ಮಗಳ ಹತ್ತನೇ ಕ್ಲಾಸಿನ ಬಗ್ಗೆ ಕೇಳಿದ ತಕ್ಷಣ ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹೇಳಿದರು, "ಅವಳು ಎರಡು ವಾರದಿಂದ ನಮ್ಮ ಹತ್ತಿರ ಸರಿಯಾಗಿ ಮಾತಾಡ್ತಿಲ್ಲ." ಅವಳಿಗೆ ಮೈಸೂರಿನಲ್ಲೇ ಪರೀಕ್ಷೆ ಬರೆಯುವ ಆಸೆ.

ಹಾಗಾಗಿ ಮೀಟಿಂಗಿಗೆ ಎರಡು ವಿಷಯ ಬರೆದುಕೊಂಡಿದ್ದೇನೆ. ಮೊದಲನೆಯದು, ವರ್ಗಾವಣೆ ಒಂದು ವರ್ಷ ಮುಂದಕ್ಕೆ ಹಾಕಲು ಆಗುತ್ತದಾ ಅಂತ ನಮ್ಮ ಸಮಿತಿಯಿಂದಲೇ ಡಯಾಸಿಸಿಗೆ (ಬಿಷಪ್ಪರ ಆಡಳಿತಕ್ಕೆ) ಪತ್ರ. ಪಾದ್ರಿಯವರು ತಾವಾಗಿ ಕೇಳಿದರೆ ವರ್ಗಾವಣೆಗೆ ಒಲ್ಲೆ ಅಂದ ಹಾಗೆ ಆಗುತ್ತದೆ. ಬರಮಾಡಿಕೊಳ್ಳುವ ಸಭೆಯೇ ಕೇಳಿದರೆ ಅವರಿಗೆ ಮುಜುಗರವಿಲ್ಲ. ಈಗಿನ ಪಾದ್ರಿಯವರಿಗೂ ಇನ್ನೊಂದು ವರ್ಷ ಇರಲು ಅಡ್ಡಿ ಇಲ್ಲ ಅಂತ ವಿಚಾರಿಸಿಕೊಂಡೆ.

ಅದು ಆಗದಿದ್ದರೆ ಎರಡನೆಯದು. ಅಮ್ಮ, ಮಕ್ಕಳು ಮೈಸೂರಿನಲ್ಲಿ ಒಂದು ವರ್ಷ ಉಳಿಯಲು ಬಾಡಿಗೆಯಲ್ಲಿ ಒಂದು ಪಾಲು ನಮ್ಮ ಸಭೆ ಕೊಡುವುದು. ಬಂಗ್ಲೆಗೆ ಬಣ್ಣ ಈ ವರ್ಷ ಬೇಡ, ಮುಂದಿನ ವರ್ಷ ಹೊಡೆಸಿದರೂ ನಡೆಯುತ್ತದೆ. ಆ ದುಡ್ಡು ಇದಕ್ಕೆ ಹೋಗಲಿ. ಚಿಲಕ ಮಾತ್ರ ಈಗಲೇ ಹಾಕಿಸುತ್ತೇನೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಮೈಸೂರಿನಲ್ಲಿ ಇರುವವರು ಯಾರಾದರೂ ಇದ್ದೀರಾ? ಎರಡು ರೂಮಿನ ಸಣ್ಣ ಮನೆಗೆ ಈಗ ಬಾಡಿಗೆ, ಅಡ್ವಾನ್ಸ್ ಎಷ್ಟು ಕೇಳುತ್ತಾರೆ ಅಂತ ತಿಳಿಸಿ. ಮೀಟಿಂಗ್ ಬರುವ ಭಾನುವಾರ ಆರಾಧನೆ ಮುಗಿದ ಮೇಲೆ. ಅಷ್ಟರೊಳಗೆ ಲೆಕ್ಕ ಕೈಯಲ್ಲಿ ಇರಬೇಕು.

ಮುಲ್ಕಿ ಹೊಳೆಬದಿ

ಅಕ್ಕ, ನನ್ನ ತಂಗಿ ಮೈಸೂರಿನಲ್ಲೇ ಇದ್ದಾಳೆ. ಅವಳೂ ಬಂಗ್ಲೆಯಲ್ಲಿ ಬೆಳೆದವಳು, ವಿಷಯ ಹೇಳಿದ ತಕ್ಷಣ "ನಾನು ಮನೆ ನೋಡ್ತೇನೆ" ಅಂದಳು. ಆ ಹುಡುಗಿಯ ಶಾಲೆ ಯಾವ ಬಡಾವಣೆಯಲ್ಲಿ ಅಂತ ನನಗೆ ಖಾಸಗಿಯಾಗಿ ಕಳಿಸಿ. ನಡೆದು ಹೋಗುವಷ್ಟು ಹತ್ತಿರದಲ್ಲೇ ಹುಡುಕೋಣ. ಬಾಡಿಗೆಗೆ ಸಭೆಯ ದುಡ್ಡು ಸಾಲದಿದ್ದರೆ ಹೇಳಿ, ನಾವು ಕೆಲವರು ಸೇರಿಸುತ್ತೇವೆ.